ಕಲ್ಕಿ ಎಲ್ಲಿ ಹೋದ?

ಮೈಸೂರು ಸೀಮೆಯ ಒಂದು ವಸ್ತುಸಂಗ್ರಹಾಲಯ. ಮೇಜಿನ ಮೇಲೆ ದಶಾವತಾರ ಗಂಜೀಫಾ, ಇಸ್ಪೀಟಿನಂಥ ಆಟದ ಎಲೆಗಳ ಕಟ್ಟು. ಅವತಾರ ಹತ್ತು, ಒಂದೊಂದಕ್ಕೂ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ಒಟ್ಟು 120. ಜೊತೆಗೊಂದು ಮರದ ಪೆಟ್ಟಿಗೆ.

"ಮೇಡಂ, ಇದು ಒಂದು ವಸ್ತುವೋ, ನೂರಿಪ್ಪತ್ತೋ?"

"ಸೆಟ್ಟು ಒಂದೇ ಕಣಪ್ಪ. ನಂಬರ್ 47. ಎಲೆಗಳಿಗೆ 47.1ರಿಂದ 47.120."

"ಕಂಪ್ಯೂಟರ್‌ನಲ್ಲಿ ಹಾಗೇ ಹೊಡೆದೆ. ಸೊನ್ನೆಯಲ್ಲಿ ಮುಗಿಯೋ ನಂಬರ್ ಯಾವುದನ್ನೂ ತಗೊಳ್ತಿಲ್ಲ, ಕಲ್ಕಿಯ ಕೊನೇ ಎಲೆಯನ್ನೂ. 'ಈಗಾಗಲೇ ದಾಖಲಾಗಿದೆ' ಅಂತದೆ."

"ಹೇಗೆ?"

"ಕಲ್ಕಿಯ 47.120ರಲ್ಲಿ ಕೊನೆಯ ಸೊನ್ನೆ ನುಂಗಿ 47.12 ಮಾಡ್ಕೊಂಡಿದೆ. ಅದು ಮತ್ಸ್ಯನ ಕೊನೇ ಎಲೆ."

"ಅಂದ್ರೆ ಕಲಿಯುಗ ಮುಗಿದು ಮತ್ತೆ ಮೀನಿಗೇ ಬಂತು ಅನ್ನು!"

(ದಶಾಂಶಕ್ಕೂ ದಶಾವತಾರಕ್ಕೂ ಆಗಿಬರುವುದಿಲ್ಲವೆಂದು ಕಾಣುತ್ತದೆ.)

"ಅಂಕಿ ಬಿಟ್ಟು ಅ, ಆ, ಇ ಹಾಕಲಾ?"

"ಇರೋದೇ 49 ಅಕ್ಷರ. ವಾಮನ ಮೊದಲ ಹೆಜ್ಜೆ ಇಡೋಷ್ಟರಲ್ಲಿ ಖಾಲಿ. ಅದಿರಲಿ, ಪೆಟ್ಟಿಗೆಯ ಮುಚ್ಚಳ ಎಲ್ಲಿ?"

"ಆ ಬೀರುವಿನಲ್ಲಿದೆ, ನಂಬರ್ 212. ಹಿಂದಿನವರು ಪ್ರತ್ಯೇಕ ವಸ್ತು ಮಾಡಿದ್ದಾರೆ: 'ಚಿತ್ರ ಬರೆದ ಹಲಗೆ, ಉಪಯೋಗ ತಿಳಿಯದು'."

"ಮತ್ತೆ ಪೆಟ್ಟಿಗೆಗೆ ಏನು ಷರಾ?"

"'ಮುಚ್ಚಳ ಕಳೆದಿದೆ. ವಿಚಾರಣೆ ಬಾಕಿ.'"