ಟೆರಿಯರ್ ಲಕ್ಷಣ ಮೀಮಾಂಸೆ ಅಥವಾ ಬಿಲವಿಲ್ಲದ ಬಿಲಶಾಸ್ತ್ರ

ವಿಷಯಪ್ರವೇಶ

ನಾಯಿಗೆ ಲಕ್ಷಣ ಬರೆದವರಲ್ಲಿ ಇಂಗ್ಲಿಷರೇ ಮೊದಲಿಗರೆಂಬ ಭ್ರಮೆಯನ್ನು ಆರಂಭದಲ್ಲೇ ನಿವಾರಿಸತಕ್ಕದ್ದು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಹಸು, ಕೋಳಿ, ಆಮೆಗಳ ಜೊತೆಗೆ ನಾಯಿಗೂ ಒಂದು ಅಧ್ಯಾಯ ಕೊಟ್ಟು, ಅದರ ಉಗುರು ಎಣಿಸಿ, ಎಂಥದನ್ನು ಸಾಕಿದರೆ ಮನೆಗೆ ಐಶ್ವರ್ಯ ಬಂದೀತೆಂದು ಹೇಳಿಯಾಗಿದೆ. ನಾಯಿತಳಿಗಳಿಗೆ ಲಕ್ಷಣ ಬರೆಯುವ ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ, ಸುಮಾರು 1,300 ವರ್ಷ ತಡವಾಗಿ. ವ್ಯತ್ಯಾಸ ಇಷ್ಟೆ: ವರಾಹಮಿಹಿರನ ನಾಯಿ ಯಜಮಾನನಿಗೆ ಹಣ ತರುತ್ತಿತ್ತು, ಕೆನಲ್ ಕ್ಲಬ್ಬಿನ ನಾಯಿ ಆ ಹಣವನ್ನು ಖರ್ಚು ಮಾಡಿಸುತ್ತದೆ.

ವ್ಯುತ್ಪತ್ತಿ

ಟೆರಿಯರ್ ಶಬ್ದದ ಮೂಲ ಲ್ಯಾಟಿನ್ನಿನ 'ಟೆರ್ರಾ', ಎಂದರೆ ಮಣ್ಣು. ನರಿಯ ಬೆನ್ನಟ್ಟಿ ಬಿಲಕ್ಕೆ ನುಗ್ಗಿ, ಕತ್ತಲಲ್ಲೇ ನಿಂತು ಬೊಗಳಿ, ಅದನ್ನು ಹೊರಗಟ್ಟುವುದು ಈ ನಾಯಿಯ ಕುಲಕಸುಬು. ಹೀಗೆ ಮಣ್ಣೇ ಟೆರಿಯರಿನ ಸ್ವಧರ್ಮವಾದರೂ, ಪ್ರದರ್ಶನದ ದಿನ ಅದರ ಬಿಳಿಗಾಲಿನ ಮೇಲೆ ಮಣ್ಣಿನ ಚುಕ್ಕೆ ಕಂಡರೆ ಅದನ್ನು ಹಿಡಿದು ನಿಲ್ಲಿಸುವ ಹ್ಯಾಂಡ್ಲರನ ಎದೆ ಧಸಕ್ಕೆನ್ನುತ್ತದೆ. ಕೂಡಲೇ ಸೀಮೆಸುಣ್ಣದ ಪುಡಿ ತಂದು ತಿಕ್ಕುತ್ತಾನೆ.

ಇತಿಹಾಸ

ಕ್ರಮಬದ್ಧವಾದ ಮೊದಲ ನಾಯಿ ಪ್ರದರ್ಶನ 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆಯಿತು. ಇದ್ದದ್ದು ಎರಡೇ ವರ್ಗ, ಪಾಯಿಂಟರ್ ಮತ್ತು ಸೆಟರ್. ಬಹುಮಾನ ಬಂದೂಕು. ಪಾಯಿಂಟರುಗಳ ತೀರ್ಪುಗಾರನ ನಾಯಿ ಸೆಟರುಗಳಲ್ಲಿ ಗೆದ್ದಿತು, ಸೆಟರುಗಳ ತೀರ್ಪುಗಾರನ ನಾಯಿ ಪಾಯಿಂಟರುಗಳಲ್ಲಿ ಗೆದ್ದಿತು. 'ನೀ ನನಗಿದ್ದರೆ ನಾ ನಿನಗೆ' ಎಂಬ ಗಾದೆ ಅಲ್ಲಿನ ಟೈನ್ ನದಿಯ ದಡದವರೆಗೂ ಹಬ್ಬಿತ್ತೆಂಬುದಕ್ಕೆ ಇದಕ್ಕಿಂತ ಪ್ರಬಲ ಪುರಾವೆ ಈ ಲೇಖಕನಿಗೆ ಸಿಕ್ಕಿಲ್ಲ.

ಟೆರಿಯರುಗಳಿಗೆ ಪಟ್ಟ ಸಿಕ್ಕಿದ್ದು ಆಮೇಲೆ. 1876ರಲ್ಲಿ ಫಾಕ್ಸ್ ಟೆರಿಯರ್ ಕ್ಲಬ್ ಹುಟ್ಟಿ ಲಕ್ಷಣಗ್ರಂಥ ರಚಿಸಿತು. 1886ರಲ್ಲಿ ಚಾರ್ಲ್ಸ್ ಕ್ರಫ್ಟ್ ಎಂಬ ನಾಯಿ ಬಿಸ್ಕತ್ತಿನ ವ್ಯಾಪಾರಿ ಲಂಡನ್ನಿನಲ್ಲಿ ಟೆರಿಯರುಗಳದ್ದೇ ಮಹಾಪ್ರದರ್ಶನ ಏರ್ಪಡಿಸಿದ. ಇಂದಿನ 'ಕ್ರಫ್ಟ್ಸ್' ಬೆಳೆದದ್ದು ಅಲ್ಲಿಂದಲೇ. ಆತನ ಮನೆಯಲ್ಲಿ ಇದ್ದದ್ದು ಬೆಕ್ಕು ಎಂಬ ಪ್ರತೀತಿಯಿದೆ. ಶಾಸ್ತ್ರಕ್ಕೆ ಬೇಕಾದ ನಿರ್ಲಿಪ್ತತೆ ಎಂದರೆ ಇದು.

ಲಕ್ಷಣ

ಫಾಕ್ಸ್ ಟೆರಿಯರ್ ನಿಂತರೆ ಚೆನ್ನಾಗಿ ಕಟ್ಟಿದ ಬೇಟೆಕುದುರೆಯಂತಿರಬೇಕು. ಬುಲ್ ಟೆರಿಯರಿನ ತಲೆ ಮೊಟ್ಟೆಯಂತಿರಬೇಕು. ಬೆಡ್ಲಿಂಗ್ಟನ್ ಟೆರಿಯರನ್ನು ಕತ್ತರಿಸಿ ನಿಲ್ಲಿಸಿದರೆ ಕುರಿಮರಿ. ಡ್ಯಾಂಡಿ ಡಿನ್‌ಮಾಂಟ್‌ಗೆ ಎರಡೇ ಬಣ್ಣ, ಒಂದು ಮೆಣಸು, ಇನ್ನೊಂದು ಸಾಸಿವೆ. ಹೆಸರು ವಾಲ್ಟರ್ ಸ್ಕಾಟ್‌ನ 1815ರ ಕಾದಂಬರಿಯ ಪಾತ್ರದ್ದು, ಬಣ್ಣ ಒಗ್ಗರಣೆ ಡಬ್ಬಿಯದು. ಇವೆಲ್ಲವನ್ನೂ ಕೂಡಿಸಿದರೆ ಒಂದು ಸೂತ್ರ ಹೊರಡುತ್ತದೆ: ನಾಯಿಯೊಂದನ್ನು ಬಿಟ್ಟು ಮಿಕ್ಕೆಲ್ಲದರಂತೆ ಕಾಣುವ ನಾಯಿಯೇ ಉತ್ತಮ ಟೆರಿಯರ್. ಅಪವಾದ ಒಂದೇ. ಬಾರ್ಡರ್ ಟೆರಿಯರಿನ ತಲೆ ಆಟರ್ ಎಂಬ ಪ್ರಾಣಿಯ ತಲೆಯಂತಿರಬೇಕೆಂದು ವಿಧಿ. ಆಟರ್ ಎಂದರೆ ಕನ್ನಡದಲ್ಲಿ ನೀರುನಾಯಿ. ಆದ್ದರಿಂದ ನಾಯಿಯಂತೆ ಕಾಣುವ ಏಕೈಕ ಟೆರಿಯರ್ ಬಾರ್ಡರ್, ಅದೂ ಕನ್ನಡದಲ್ಲಿ ಓದಿದಾಗ ಮಾತ್ರ.

ಬಾಲದ ವಿಚಾರದಲ್ಲಿ ನಮಗೂ ಇಂಗ್ಲಿಷರಿಗೂ ಮೂಲಭೂತ ಭಿನ್ನಾಭಿಪ್ರಾಯವಿದೆ. ನಾಯಿಬಾಲ ಡೊಂಕೆಂಬುದು ನಮ್ಮಲ್ಲಿ ಸ್ವಯಂಸಿದ್ಧ ಪ್ರಮಾಣ. ಫಾಕ್ಸ್ ಟೆರಿಯರ್ ಬಾಲ ಮಾತ್ರ ಉಲ್ಲಾಸದಿಂದ ಮೇಲೆದ್ದಿರಬೇಕು, ಬೆನ್ನಿನ ಮೇಲೆ ಬಾಗಕೂಡದು, ಸುರುಳಿ ಸುತ್ತಲೂಕೂಡದು. ಹಾಗಾಗಿ ಹ್ಯಾಂಡ್ಲರ್ ಮಂಡಿಯೂರಿ, ಒಂದು ಕೈಯಲ್ಲಿ ಗದ್ದ, ಇನ್ನೊಂದರಲ್ಲಿ ಬಾಲ ಹಿಡಿದು ಕೂತಿರುತ್ತಾನೆ. ನಮ್ಮ ಹಿರಿಯರು ಈ ಕೆಲಸಕ್ಕೆ ದಬ್ಬೆ ಕಟ್ಟುತ್ತಿದ್ದರು.

ಇನ್ನು ಕೂದಲು. ನುಣುಪು ಕೂದಲಿನ ಫಾಕ್ಸ್ ಟೆರಿಯರ್, ಒರಟು ಕೂದಲಿನ ಫಾಕ್ಸ್ ಟೆರಿಯರ್ ಎರಡೂ ಒಂದೇ ತತ್ತ್ವದ ಎರಡು ವಿಶೇಷಗಳೆಂದು ಅಮೆರಿಕನ್ ಕೆನಲ್ ಕ್ಲಬ್ ಬಹುಕಾಲ ನಂಬಿತ್ತು. ಇದು ಶುದ್ಧ ವಿಶಿಷ್ಟಾದ್ವೈತ. 1985ರಲ್ಲಿ ಎರಡನ್ನೂ ಬೇರೆ ಬೇರೆ ತಳಿಯೆಂದು ಸಾರಿ ಕ್ಲಬ್ಬು ಮೇಲುಕೋಟೆಯಿಂದ ಉಡುಪಿಗೆ ಬಂತು. ವಾದ ಮಾತ್ರ ತೀರಿಲ್ಲ. ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದಲ್ಲಿ 15 ಸಲ ಸರ್ವಶ್ರೇಷ್ಠ ಪಟ್ಟ ಪಡೆದವರು ತಾವೆಂದು ಒರಟುಪಂಥದವರು ಎದೆ ತಟ್ಟಿದರೆ, 1907ರಿಂದ 1909ರವರೆಗೆ ಸತತ ಮೂರು ಸಲ ಗೆದ್ದ ವಾರೆನ್ ರೆಮಿಡಿ ಎಂಬ ಹೆಣ್ಣುನಾಯಿ ತಮ್ಮವಳೆಂದು ನುಣುಪುಪಂಥದವರು ತೊಡೆ ತಟ್ಟುತ್ತಾರೆ.

ಪರೀಕ್ಷಾಕ್ರಮ

ದನದ ಜಾತ್ರೆಯಲ್ಲಿ ಸುಳಿ ನೋಡಿ, ತುಟಿ ಎತ್ತಿ ಹಲ್ಲೆಣಿಸಿ ಎತ್ತು ಕೊಂಡವರಿಗೆ ಈ ಭಾಗದ ವ್ಯಾಖ್ಯಾನ ಬೇಕಿಲ್ಲ. ಟೆರಿಯರನ್ನು ಮೇಜಿನ ಮೇಲೆ ನಿಲ್ಲಿಸುತ್ತಾರೆ. ತೀರ್ಪುಗಾರ ತುಟಿ ಎತ್ತಿ, ಮೇಲಿನ ಹಲ್ಲು ಕೆಳಗಿನದರ ಮೇಲೆ ಕತ್ತರಿಯಂತೆ ಕೂರುತ್ತದೋ ಎಂದು ನೋಡುತ್ತಾನೆ. ನಾಯಿಯ ಕಣ್ಣು ಹ್ಯಾಂಡ್ಲರನ ಜೇಬಿನಲ್ಲಿರುವ ಬೆಂದ ಈಲಿಯ ತುಣುಕಿನ ಮೇಲಿರುತ್ತದೆ. ಶಾಸ್ತ್ರ ಇದನ್ನು 'ಚುರುಕು ನೋಟ' ಎನ್ನುತ್ತದೆ.

ಪಾರ್ಸನ್ ರಸಲ್ ಟೆರಿಯರ್ ಆದರೆ ಇನ್ನೊಂದು ವಿಧಿಯುಂಟು. ಭುಜದ ಹಿಂದೆ ಎರಡೂ ಕೈ ಸುತ್ತಿ, ಹೆಬ್ಬೆರಳು ಬೆನ್ನ ಮೇಲೆ, ಉಳಿದ ಬೆರಳು ಎದೆಯಡಿ ಕೂಡುತ್ತವೋ ಎಂದು ನೋಡುವುದು. ಎದೆ ದಪ್ಪವಾದರೆ ನಾಯಿ ನರಿಯ ಬಿಲದಲ್ಲಿ ಸಿಕ್ಕಿಹಾಕಿಕೊಂಡೀತೆಂಬುದು ಹೇತು. 'ಸಾಧಾರಣ ಗಾತ್ರದ ಕೈ' ಸಾಕೆನ್ನುತ್ತದೆ ಗ್ರಂಥ. ನಾಯಿಯ ಗೆಣ್ಣುಗೆಣ್ಣಿಗೂ ಲಕ್ಷಣ ಬರೆದವರು ತೀರ್ಪುಗಾರನ ಕೈಗೆ ಬರೆದಿಲ್ಲ. ಈ ಲೋಪವನ್ನು ತುಂಬಲು ಬಳೆಗಾರರ ಸಲಹೆ ಪಡೆಯಬಹುದು.

ಹಳೆಯ ಗಾಯದ ಕಲೆ ಕೆಲಸದಿಂದ ಆದದ್ದಾದರೆ ದೋಷವಲ್ಲವೆಂಬ ಉದಾರ ವಿಧಿಯೂ ಇದೆ. ಕಲೆಯಿರುವ ನಾಯಿ ಮಾತ್ರ ಅಪರೂಪ. ಕೆನಲ್ ಕ್ಲಬ್ಬಿನ ಲಕ್ಷಣಗ್ರಂಥಗಳೆಲ್ಲ ಒಂದೇ ಭರತವಾಕ್ಯದಿಂದ ಮುಗಿಯುತ್ತವೆ: ಗಂಡಿಗೆ ವೃಷಣಗಳೆರಡೂ ಸರಿಯಾಗಿ ಇಳಿದಿರತಕ್ಕದ್ದು.

ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲೊಂದು ಆಕ್ಷೇಪ. ನಾಯಿಪಡೆ ಕಟ್ಟಿಕೊಂಡು ನರಿ ಬೇಟೆಯಾಡುವುದು 2005ರಿಂದ ಇಂಗ್ಲೆಂಡಿನಲ್ಲಿ ನಿಷಿದ್ಧ. ಟೈಪ್‌ರೈಟರ್ ಕಣ್ಮರೆಯಾದ ಮೇಲೂ ಟೈಪಿಂಗ್ ಪರೀಕ್ಷೆ ಕಟ್ಟಿದಂತೆ, ಯಾವ ಬಿಲಕ್ಕೆ ಈ ಅಳತೆ? ಸಿದ್ಧಾಂತ: ತೀರ್ಪುಗಾರನ ಎರಡು ಕೈಗಳೇ ಬಿಲ. ಅದರಲ್ಲಿ ಹಿಡಿಸಿದ ನಾಯಿ ಗೆದ್ದಿತು. ನರಿಯ ಅಗತ್ಯವಿಲ್ಲ.

ಆದರೆ ಪಾರ್ಸನ್ ರಸಲ್ ತಳಿಗೆ ಹೆಸರು ಕೊಟ್ಟ ಜ್ಯಾಕ್ ರಸಲ್ ಪಾದ್ರಿಯ ಕಥೆ ಈ ಸಿದ್ಧಾಂತಕ್ಕೆ ಸ್ವಲ್ಪ ತೊಡಕು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನ ಬಳಿ ಟ್ರಂಪ್ ಎಂಬ ಹೆಣ್ಣು ಟೆರಿಯರ್ ಕಂಡು ಆತ ಅಲ್ಲೇ ಕೊಂಡುಕೊಂಡ. ಕೈ ಸುತ್ತಲಿಲ್ಲ, ಹಲ್ಲೆಣಿಸಲಿಲ್ಲ. ಮುಂದೆ ಕೆನಲ್ ಕ್ಲಬ್ಬಿನ ಆರಂಭದ ಸದಸ್ಯನಾಗಿ ಊರವರ ಟೆರಿಯರುಗಳಿಗೆ ತೀರ್ಪು ಕೊಟ್ಟ. ತನ್ನವನ್ನು ಬಿಲಕ್ಕೆ ಕಳಿಸಿದನೇ ಹೊರತು ಪ್ರದರ್ಶನಕ್ಕಲ್ಲ. 1883ರಲ್ಲಿ ಆತ ತೀರಿಕೊಂಡ. ಆತನ ಹೆಸರಿನ ತಳಿಗೆ ಕ್ಲಬ್ಬಿನ ಮಾನ್ಯತೆ ಸಿಕ್ಕಿದ್ದು 1990ರಲ್ಲಿ. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ಕಾದವರು ಧೈರ್ಯ ತಂದುಕೊಳ್ಳಬಹುದು.

ಫಲಶ್ರುತಿ

ಈ ಮೀಮಾಂಸೆಯನ್ನು ಪಠಿಸಿದವರಿಗೆ ನಾಯಿ ಪ್ರದರ್ಶನದಲ್ಲಿ ಒಂದು ಫಲ ಲಭಿಸುತ್ತದೆ. ಸಾಲಿನ ಕೊನೆಯಲ್ಲಿ ಬೇಸರದಿಂದ ನಿಂತ ಟೆರಿಯರ್ ಇದ್ದಕ್ಕಿದ್ದಂತೆ ಮೂಗು ತಗ್ಗಿಸಿ, ಮುಂಗಾಲೆರಡರಿಂದ ಹಸಿರು ಕಾರ್ಪೆಟನ್ನು ಪರಪರ ಕೆರೆಯತೊಡಗಿದರೆ ಅದನ್ನು ಗಮನಿಸುವ ಭಾಗ್ಯ. ಕಾರ್ಪೆಟಿನ ಕೆಳಗೆ ಎಲ್ಲೋ ಮಣ್ಣಿದೆಯೆಂದು ಆ ಸಭಾಂಗಣದಲ್ಲಿ ನೆನಪಿರುವುದು ಅದಕ್ಕೊಂದಕ್ಕೇ. ಹ್ಯಾಂಡ್ಲರ್ ಹಗ್ಗ ಜಗ್ಗುತ್ತಾನೆ, ಉಗುರಿಗೆ ಸಿಕ್ಕ ಎಳೆ ಬಿಡಿಸುತ್ತಾನೆ, ಬಾಲ ಎತ್ತಿ ಹಿಡಿಯುತ್ತಾನೆ. ತೀರ್ಪುಗಾರ ಮುಂದಿನ ನಾಯಿಗೆ ಸಾಗುತ್ತಾನೆ.