ಎರಡನೇ ಪಿಸ್ತೂಲು, ಒಬ್ಬಳೇ ಹೆಂಡತಿ

ಪಿಸ್ತೂಲು ಬದಲಾಯಿಸುವವನು ಪಿಸ್ತೂಲೊಂದನ್ನೇ ಬದಲಾಯಿಸಿ ಸುಮ್ಮನಿರುವ ಹಾಗಿಲ್ಲ. ಮ್ಯಾಗಜೀನ್ ಬೇರೆ ಆಗಬೇಕು, ಮ್ಯಾಗಜೀನ್ ಸಿಕ್ಕಿಸುವ ಚೀಲ ಬೇರೆ, ಗುರಿ ಹಿಡಿಯಲು ಕತ್ತಲಲ್ಲಿ ಹೊಳೆಯುವ ಸೈಟು ಬೇರೆ. ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸುವ ಈಗಿನ ಹೋಲ್‌ಸ್ಟರುಗಳನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಆಯಾ ಮಾಡೆಲ್ಲಿನ ಮೈಯಳತೆಗೇ ಅಚ್ಚು ಹಾಕಿರುತ್ತಾರೆ. ಒಂದರದ್ದು ಇನ್ನೊಂದಕ್ಕೆ ಹೋಗದು. ನಾನು ಆಸ್ಟ್ರಿಯಾದ ಗ್ಲಾಕ್ ಬಿಟ್ಟು ಜೆಕ್ ದೇಶದ ಸಿಜೆಡ್ ಹಿಡಿದಾಗ ಹಳೆಯದರಿಂದ ಹೊಸದಕ್ಕೆ ದಾಟಿ ಬಂದದ್ದು ಎರಡೇ: 9 ಮಿಲಿಮೀಟರ್ ಗುಂಡು, ಮತ್ತು ಈ ವಿಷಯದಲ್ಲಿ ನನ್ನ ಹೆಂಡತಿಗಿದ್ದ ಅಭಿಪ್ರಾಯ.

ನಾವಿರುವುದು ಟೆಕ್ಸಾಸಿನಲ್ಲಿ, ಡಲ್ಲಾಸಿನ ಉತ್ತರಕ್ಕಿರುವ ಫ್ರಿಸ್ಕೊ ಊರಿನಲ್ಲಿ. 2021ರ ಸೆಪ್ಟೆಂಬರ್ 1ರಿಂದ ಈ ರಾಜ್ಯದಲ್ಲಿ 21 ವರ್ಷ ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರೇ ಆಗಲಿ, ಬಹುತೇಕ ಕಡೆ ಪರವಾನಗಿ ಇಲ್ಲದೆಯೇ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ‘ಕಾನೂನಿನ ಅಡ್ಡಿಯಿಲ್ಲದ’ ಎನ್ನುವಲ್ಲಿಯೇ ನಮ್ಮಂಥವರು ಸಿಕ್ಕಿಹಾಕಿಕೊಳ್ಳುವುದು. ಎಚ್-1ಬಿ ವೀಸಾದಲ್ಲಿ ಇರುವವನು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬಂದೂಕು ಇಟ್ಟುಕೊಳ್ಳುವಂತಿಲ್ಲ; ಒಂದು ಗುಂಡು ಜೇಬಲ್ಲಿದ್ದರೂ ಅಪರಾಧ. ಹಾಗಾಗಿ ಭಾರತೀಯರ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ನಿಂತು, ತಲೆಗೂದಲು ಆ ಸಾಲಿಗೇ ಅರ್ಪಣೆಯಾದ ಮೇಲೆ ನಾನು ಗ್ಲಾಕ್ 19ಕ್ಕೆ ಅರ್ಹನಾದೆ. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಿದೆ. ಹುಟ್ಟಿದ ಸ್ಥಳದ ಜಾಗದಲ್ಲಿ ಸಕಲೇಶಪುರ ಎಂದೂ ಸೇರಿಸಿ ಬರೆದಿದ್ದನ್ನು ಕೌಂಟರಿನ ಹುಡುಗ ಮನಸ್ಸಿನಲ್ಲೇ ಓದಲು ಹೋಗಿ ಅರ್ಧಕ್ಕೆ ಕೈಬಿಟ್ಟ. ಎಫ್‌ಬಿಐ ಕಡೆಯ ತಪಾಸಣೆಯಲ್ಲಿ ಪಾಸಾದೆ. ಮನೆಯ ತಪಾಸಣೆ ಬಾಕಿ ಇತ್ತು.

“ಕಳ್ಳ ಬಂದ್ರೆ ಬೇಕಲ್ವಾ?” ಎಂದೆ.

“ನಮ್ಮನೆಗೆ ಬರೋ ಕಳ್ಳನಿಗೆ ಏನ್ ಸಿಗತ್ತೆ ರೀ? ಇದೊಂದು ಪಿಸ್ತೂಲೇ.”

ಮನೆಯಲ್ಲಿ ಇಬ್ಬರು ಮಕ್ಕಳು. ಹದಿನೇಳು ತುಂಬದ ಮಕ್ಕಳ ಕೈಗೆ ಸಿಗುವ ಹಾಗೆ ಗುಂಡು ತುಂಬಿದ ಬಂದೂಕನ್ನು ಇಡುವುದು ಟೆಕ್ಸಾಸಿನಲ್ಲೂ ಅಪರಾಧವೇ. ಕಬ್ಬಿಣದ ಪೆಟ್ಟಿಗೆ ತಂದೆ. ಅದರ ನಂಬರ್ ಬೀಗದ ಸಂಕೇತವನ್ನು ಹೆಂಡತಿ ಇಟ್ಟಳು. ಇಟ್ಟವಳು ನನಗೆ ಹೇಳಲಿಲ್ಲ. ನಾನು ಎಟಿಎಂ ಪಿನ್ನನ್ನೇ ಮೊಬೈಲಿನ ಹಿಂದೆ ಚೀಟಿ ಅಂಟಿಸಿಕೊಂಡು ತಿರುಗುವವನು ಎನ್ನುವುದು ಅವಳ ವಾದ, ಅದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ. 

“ಹಾಗಾದ್ರೆ ರಾತ್ರಿ ಕಳ್ಳ ಬಂದ್ರೆ ಮೊದಲು ನಿನ್ನನ್ನ ಎಬ್ಬಿಸಬೇಕು.”

“ನನ್ನನ್ನ ಎಬ್ಬಿಸಿದ್ಮೇಲೆ ಪಿಸ್ತೂಲು ಯಾಕ್ರೀ?”

ಇಷ್ಟಾದರೂ ನಾನು ಗ್ಲಾಕಿನ ಪುರಾಣ ಹೇಳುವುದನ್ನು ಬಿಡಲಿಲ್ಲ. ಗಾಸ್ಟನ್ ಗ್ಲಾಕ್ ಎಂಬ ಎಂಜಿನಿಯರ್ ಈ ಪಿಸ್ತೂಲಿಗೂ ಮುಂಚೆ ಯಾವ ಪಿಸ್ತೂಲನ್ನೂ ಮಾಡಿದವನಲ್ಲ. ಆಸ್ಟ್ರಿಯಾ ಸೇನೆಗೆ ಚಾಕು ಮಾಡಿಕೊಡುತ್ತಿದ್ದ, ಅದಕ್ಕೂ ಮುಂಚೆ ಪರದೆ ಕಂಬಿ ಮಾಡುತ್ತಿದ್ದ. ಸೇನೆಗೆ ಹೊಸ ಪಿಸ್ತೂಲು ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಲ್ಲವರನ್ನು ಕೂಡಿಸಿ ಕೇಳಿ, ಪ್ಲಾಸ್ಟಿಕ್ ಮೈಯ ಗ್ಲಾಕ್ 17 ಮಾಡಿದ. 1982ರಲ್ಲಿ ಹಳೇ ಹಳೇ ಕಂಪನಿಗಳನ್ನೆಲ್ಲ ಹಿಂದೆ ಹಾಕಿ ಅದೇ ಗೆದ್ದಿತು. ಇದನ್ನೆಲ್ಲ ಊಟದ ಹೊತ್ತಿಗೆ ಕಣ್ಣರಳಿಸಿ ಹೇಳಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

“ಪರದೆ ಕಂಬಿ ಮಾಡ್ತಿದ್ದೋರು ಪಿಸ್ತೂಲು ಮಾಡಿದ್ರು ಅಂತೀರಲ್ಲ. ಪಿಸ್ತೂಲು ತಂದೋರು ನಮ್ಮ ಬೆಡ್‌ರೂಮಿಗೆ ಪರದೆ ಕಂಬಿ ಯಾವಾಗ ಹಾಕ್ತೀರಿ?”

ಆ ಕಂಬಿ ಗೃಹಪ್ರವೇಶದ ದಿನದಿಂದ ಗ್ಯಾರೇಜಿನ ಮೂಲೆಯಲ್ಲಿ ನಿಂತಿದೆ. ಇರಲಿ.

ಗ್ಲಾಕಿನಲ್ಲಿ ದೂರುವಂಥದ್ದೇನೂ ಇರಲಿಲ್ಲ. ಖಾಲಿ ಇದ್ದಾಗ ಆರುನೂರು ಗ್ರಾಂ ತೂಕ, ಒತ್ತಿದರೆ ಹಾರುತ್ತದೆ, ಪ್ರತಿ ಸಲವೂ ಹಾರುತ್ತದೆ. ಗುಂಡು ಹೋಗುವ ಜಾಗದ ಬಗ್ಗೆ ಮಾತ್ರ ನನಗೂ ಕಾಗದದ ಗುರಿಗೂ ಭಿನ್ನಾಭಿಪ್ರಾಯವಿತ್ತು. ಶೂಟಿಂಗ್ ರೇಂಜಿನಲ್ಲಿ ನನ್ನ ತೂತುಗಳೆಲ್ಲ ನಡುವಿನ ಕಪ್ಪು ವೃತ್ತವನ್ನು ಬಿಟ್ಟು ಕೆಳಗೆ ಎಡಕ್ಕೆ ಹೋಗಿ ಸೇರುತ್ತಿದ್ದವು. ಬಲಗೈಯವರಿಗೆ ಹೀಗಾಗುವುದು ಸರ್ವೇಸಾಮಾನ್ಯ. ಸದ್ದಿಗೆ ಹೆದರಿ ಟ್ರಿಗರ್ ಎಳೆಯುವಾಗಲೇ ಮುಷ್ಟಿ ಬಿಗಿ ಹಿಡಿದು ಕೈಯನ್ನು ಕೆಳಕ್ಕೆ ಒತ್ತುತ್ತಾರೆ ಎಂದು ಗೋಡೆಯ ಮೇಲೆ ಚಿತ್ರ ಸಮೇತ ಹಾಕಿದ್ದಾರೆ. ಆ ಚಿತ್ರವನ್ನು ನಾನು ಓದಿದ್ದೆ. ಅದು ಬೇರೆಯವರಿಗೆಂದು ತಿಳಿದಿದ್ದೆ.

ಆಗ ಸಿಕ್ಕಿದ್ದು ಆಫೀಸಿನ ಮಂಡ್ಯದ ಗೆಳೆಯ. ಪಕ್ಕದ ಲೇನಿನಲ್ಲಿ ಉಕ್ಕಿನ ಪಿಸ್ತೂಲು ಹಿಡಿದು ನಿಂತಿದ್ದ. “ನಿಮ್ಮ ಕೈಯಲ್ಲೇನೂ ಇಲ್ಲ ಬಿಡಿ ಸಾರ್,” ಎಂದ. ಅವನು ಹೇಳಿದ್ದು ಸಮಾಧಾನಕ್ಕೋ ಟೀಕೆಗೋ ಎಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. “ಗ್ಲಾಕಿನ ಹಿಡಿ ಓರೆ ಜಾಸ್ತಿ. ಎಲ್ಲರ ಮಣಿಕಟ್ಟಿಗೂ ಕೂರಲ್ಲ. ಇದನ್ನ ಒಂದ್ಸಲ ಹಿಡೀರಿ.”

ಹಿಡಿದೆ. ಹೋಯಿತು ನನ್ನ ಕಥೆ. ಸಿಜೆಡ್ 75ರ ಹಿಡಿಯನ್ನು ಮುಟ್ಟಿ ನೋಡಿದ ಯಾರನ್ನಾದರೂ ಕೇಳಿ, ಇದೇ ಹೇಳುತ್ತಾರೆ. ಅದನ್ನು ಫ್ರಾಂಟಿಶೆಕ್ ಕೌಟ್ಸ್ಕಿ ಎಂಬವರು ತಮ್ಮ ಸಹೋದರ ಯೋಸೆಫರ ನೆರವಿನಿಂದ ಕಮ್ಯುನಿಸ್ಟ್ ಜೆಕೊಸ್ಲೊವಾಕಿಯಾದಲ್ಲಿ ಮಾಡಿದ್ದು. ಹೊರದೇಶಕ್ಕೆ ಮಾರಲೆಂದು 9 ಮಿಲಿಮೀಟರಿಗೆ ಮಾಡಿದರು. ಆದರೆ ಅದರ ಪೇಟೆಂಟನ್ನು ಅಲ್ಲಿಯ ಸರ್ಕಾರ ಗುಟ್ಟಾಗಿಟ್ಟಿತು. ಗುಟ್ಟಾಗಿಟ್ಟಿದ್ದಕ್ಕೆ ಹೊರಗೆ ರಕ್ಷಣೆ ಸಿಗದೆ ಇಟಲಿ, ಸ್ವಿಟ್ಜರ್‌ಲೆಂಡ್, ಟರ್ಕಿ, ಇಸ್ರೇಲ್ ಎಲ್ಲರೂ ನಕಲು ಹೊಡೆದರು. ಅಷ್ಟು ಜನ ಕದ್ದಿದ್ದಾರೆಂದರೆ ಒಳ್ಳೆಯದೇ ಇರಬೇಕು ಎಂದು ನಾನು ಕೊಂಡುಕೊಂಡೆ. 2021ರಲ್ಲಿ ಅಮೆರಿಕದವರ ಹೆಮ್ಮೆಯ ಕೋಲ್ಟ್ ಕಂಪನಿಯನ್ನೇ ಈ ಜೆಕ್ ಕಂಪನಿ ಖರೀದಿಸಿತು ಎನ್ನುವುದನ್ನು ಮನೆಯಲ್ಲಿ ವಾದಕ್ಕೆ ಇಟ್ಟುಕೊಂಡಿದ್ದೆ, ಉಪಯೋಗಕ್ಕೆ ಬರಲಿಲ್ಲ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಇದಕ್ಕೂ ಅದೇ ಕಳ್ಳನಾ, ಬೇರೆ ಕಳ್ಳನಾ?”

ಈ ಹೊತ್ತಿಗೆ ಊರಿಂದ ಅಪ್ಪ ಬಂದಿದ್ದರು. ಅಪ್ಪನಿಗೆ ಸಕಲೇಶಪುರದ ಕಡೆ ಸ್ವಲ್ಪ ಕಾಫಿ ತೋಟವಿದೆ, ತೋಟಕ್ಕೆ ಮಂಗಗಳಿವೆ, ಮಂಗಗಳಿಗೆ ಒಂದು ಕೇಪಿನ ಕೋವಿ ಇದೆ. ಅಜ್ಜನಿಂದ ಬಂದ ಕೋವಿ. ಚುನಾವಣೆ ಬಂದಾಗೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಚುನಾವಣೆ ಮುಗಿದ ಮೇಲೆ ರಸೀದಿ ಕೊಟ್ಟು ಕೋವಿ ತರುವುದು, ಇದನ್ನು ಅವರು ವಿಧಾನಸಭೆ, ಲೋಕಸಭೆ ಎಂದು ಭೇದ ಮಾಡದೆ ನಡೆಸಿಕೊಂಡು ಬಂದಿದ್ದಾರೆ. ಅದು ಯಾವ ಕಂಪನಿಯದ್ದು ಎಂದು ಕೇಳಿದೆ.

“ಕೋವಿ ಕಣೋ. ಅದಕ್ಕೆ ಕಂಪನಿ ಎಂಥದ್ದು?”

ಎರಡೂ ಪಿಸ್ತೂಲುಗಳನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟು ತೋರಿಸಿದೆ. ಅಪ್ಪ ಕೈ ಚಾಚಿದರು. ನಾನು ಹೌಹಾರಿ ತಡೆದೆ. ಅವರು ಬಂದಿರುವುದು ಪ್ರವಾಸಿ ವೀಸಾದಲ್ಲಿ. ನಾನು ಎಚ್-1ಬಿಯಲ್ಲಿ ಇದ್ದಾಗಿನ ನಿಯಮವೇ ಅವರಿಗೂ.

“ಮುಟ್ಬೇಡಿ ಅಪ್ಪ! ನಿಮ್ಮ ವೀಸಾದಲ್ಲಿ ಮುಟ್ಟೋ ಹಾಗಿಲ್ಲ.”

“ಮಡಿಯೇನೋ ಇದಕ್ಕೆ?” ಎಂದರು. ಎಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಗ್ಲಾಕನ್ನು ಸುತ್ತಲೂ ನೋಡಿದರು. “ಅರ್ಧ ಪ್ಲಾಸ್ಟಿಕ್ಕು. ಕುದುರೆಯೇ ಇಲ್ವಲ್ಲೋ!” ಗ್ಲಾಕಿಗೆ ಹೊರಗೆ ಕಾಣುವ ಕುದುರೆ, ಅಂದರೆ ಹ್ಯಾಮರ್, ಇಲ್ಲ, ಒಳಗೇ ಒಂದು ಮೊಳೆ ಓಡಾಡುತ್ತದೆ. ಸಿಜೆಡ್‌ಗೆ ಹಿಂಭಾಗದಲ್ಲಿ ಕುದುರೆ ಎದ್ದು ಕಾಣುತ್ತದೆ. ಅಪ್ಪ ಅದನ್ನು ನೋಡಿ ತಲೆದೂಗಿದರು. “ಇದು ಗಂಡಸು. ಬೋರು ಎಷ್ಟು?” 9 ಮಿಲಿಮೀಟರ್ ಎಂದೆ. “ಊರಲ್ಲಿ ಇದನ್ನ ಇಟ್ಕೊಂಡಿದ್ರೆ ಇಷ್ಟೊತ್ತಿಗೆ ಒಳಗೆ ಇರ್ತಿದ್ದೆ,” ಎಂದು ಸಮಾಧಾನದಿಂದ ಹೇಳಿದರು. ನಿಜ, ಭಾರತದಲ್ಲಿ 9 ಮಿಲಿಮೀಟರ್ ಜನಸಾಮಾನ್ಯರಿಗೆ ನಿಷಿದ್ಧ ಬೋರು.

ಆಯುಧಪೂಜೆ ಬಂತು. ಕಾರು, ಲ್ಯಾಪ್‌ಟಾಪು, ಮಿಕ್ಸಿ, ಮಕ್ಕಳ ಸೈಕಲ್ಲಿನ ಸಾಲಿನಲ್ಲಿ ಪಿಸ್ತೂಲಿಗೂ ಕುಂಕುಮ ಇಡಬೇಕೆಂದು ಅಪ್ಪನ ಅಪ್ಪಣೆ. ಕೊಳೆ ಪಿಸ್ತೂಲಿಗೆ ಕುಂಕುಮ ಹೇಗೆ ಇಡುವುದು? ಬಿಚ್ಚಿ ತೊಳೆಯಲು ಕೂತೆ. ಗ್ಲಾಕನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಬೇಕು, ಆದ್ದರಿಂದ ಒಳಗೆ ಗುಂಡಿಲ್ಲವೆಂದು ಇಣುಕಿ, ಬೆರಳು ಹಾಕಿ, ಮತ್ತೆ ಇಣುಕಿ ನೋಡುತ್ತೇನೆ. ಅದು ಬಿಟ್ಟರೆ ಮಗು ಕೂಡ ಬಿಚ್ಚಬಹುದಾದಷ್ಟು ಸುಲಭ. ಸಿಜೆಡ್‌ನ ಸಂಪ್ರದಾಯ ಬೇರೆ. ಮೇಲಿನ ಸ್ಲೈಡಿನ ಮೇಲೊಂದು ಗೆರೆ, ಕೆಳಗಿನ ಚೌಕಟ್ಟಿನ ಮೇಲೊಂದು ಗೆರೆ; ಸ್ಲೈಡನ್ನು ಸ್ವಲ್ಪವೇ ಹಿಂದಕ್ಕೆಳೆದು ಎರಡೂ ಗೆರೆ ಒಂದಾಗುವಂತೆ ಹಿಡಿದು, ಪಕ್ಕದ ಪಿನ್ನನ್ನು ಎದುರು ಬದಿಯಿಂದ ತಟ್ಟಿ ಹೊರಡಿಸಬೇಕು. ಮ್ಯಾಗಜೀನಿನ ತಳದಿಂದ ಮೆಲ್ಲಗೆ ತಟ್ಟಿದರೆ ಬರುತ್ತದೆ. ನನ್ನದು ಬರಲಿಲ್ಲ. ಸುತ್ತ ನೋಡಿದೆ. ಅಡುಗೆಕಟ್ಟೆಯ ಮೇಲೆ ಹಿತ್ತಾಳೆಯ ಚಿಕ್ಕ ಕುಟ್ಟಾಣಿ ಗುಂಡು ಇತ್ತು.

ಒಂದೇ ಪೆಟ್ಟಿಗೆ ಪಿನ್ನು ಬಂತು. ಸ್ಲೈಡು ಜಾರಿತು. ಗ್ಲಾಕಿನ ಸ್ಪ್ರಿಂಗು ತನ್ನ ಕಡ್ಡಿಗೆ ಅಂಟಿಕೊಂಡೇ ಇರುತ್ತದೆ. ಇದರಲ್ಲಿ ಕಡ್ಡಿ ಬೇರೆ, ಸ್ಪ್ರಿಂಗು ಬೇರೆ. ಆ ಸ್ಪ್ರಿಂಗು ನನ್ನ ಕಿವಿಯ ಪಕ್ಕದಲ್ಲೇ ಹಾದು, ಫ್ರಿಜ್ಜಿಗೆ ಬಡಿದು, ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಮಕ್ಕಳೂ ಸೇರಿ ಇಡೀ ಮನೆ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿತು. ಕೊನೆಗೆ ಅದು ದೇವರ ಮಂಟಪದ ಹಿಂದೆ ಸಿಕ್ಕಿತು.

“ಆಯುಧಪೂಜೆ ಅಲ್ವಾ, ತಾನಾಗೇ ಹೋಗಿದೆ,” ಎಂದರು ಅಪ್ಪ.

ಕುಟ್ಟಾಣಿ ಗುಂಡನ್ನು ನಾನು ಒರೆಸಿಯೇ ಇಟ್ಟಿದ್ದೆ. ಆದರೆ ಬಂದೂಕು ತೊಳೆಯುವ ಸಾಲ್ವೆಂಟಿನ ವಾಸನೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದಲ್ಲ. ಅದರಲ್ಲೇ ಏಲಕ್ಕಿ ಕುಟ್ಟಿ ಪಾಯಸಕ್ಕೆ ಹಾಕಿದ್ದರು. ಮೊದಲ ಚಮಚ ಬಾಯಿಗಿಟ್ಟ ಮಗಳು, “ಅಮ್ಮ, ಪಾಯಸ ಗ್ಯಾರೇಜ್ ಥರಾ ಇದೆ,” ಎಂದಳು. ಹೆಂಡತಿ ನನ್ನ ಕಡೆ ನೋಡಿದಳು. ಕುದುರೆ ಇಲ್ಲದೆಯೂ ಗುಂಡು ಹಾರುತ್ತದೆಂದು ಅಪ್ಪನಿಗೆ ಆಗ ಗೊತ್ತಾಗಿರಬೇಕು, ಅವರು ತಮ್ಮ ಬಟ್ಟಲು ತೆಗೆದುಕೊಂಡು ಹಿತ್ತಿಲಿಗೆ ಹೋದರು.

ಮುಂದಿನ ಶನಿವಾರ ಎಲ್ಲರೂ ರೇಂಜಿಗೆ ಹೋದೆವು. ಅಪ್ಪ ಗಾಜಿನ ಆಚೆ ಕುರ್ಚಿಯಲ್ಲಿ ಕೂತರು. ಇಲ್ಲಿ ಸಿಜೆಡ್‌ನ ಟ್ರಿಗರ್ ಬಗ್ಗೆ ಒಂದು ಮಾತು ಹೇಳಬೇಕು. ಗ್ಲಾಕಿನದು ಮೊದಲನೆಯ ಗುಂಡಿಗೂ ಕೊನೆಯದಕ್ಕೂ ಒಂದೇ ಎಳೆತ. ನನ್ನ ಸಿಜೆಡ್‌ನಲ್ಲಿ ಕುದುರೆ ಇಳಿಸಿಟ್ಟಿದ್ದರೆ ಮೊದಲನೆಯದು ಉದ್ದ ಮತ್ತು ಭಾರ, ಆಮೇಲಿನವೆಲ್ಲ ಹಗುರ. ನನ್ನ ಮಗನನ್ನು ಬೆಳಿಗ್ಗೆ ಏಳಿಸಿದ ಹಾಗೆ: ಮೊದಲ ಸಲಕ್ಕೆ ಎಳೆದೇ ಎಳೆಯಬೇಕು, ಎದ್ದ ಮೇಲೆ ಮುಟ್ಟಿದರೆ ಸಾಕು, ಹಾರುತ್ತಾನೆ. ಜೊತೆಗೆ ಒಂದು ಕಿಲೋ ಉಕ್ಕು. ಭಾರ ಇದ್ದಷ್ಟೂ ಕೈ ಅಲುಗುವುದು ಕಡಿಮೆ ಎಂದು ಮಂಡ್ಯದ ಗೆಳೆಯ ಹೇಳಿದ್ದ.

ಮ್ಯಾಗಜೀನ್ ಖಾಲಿ ಮಾಡಿ, ಗುಂಡಿ ಒತ್ತಿ, ಕಾಗದವನ್ನು ಹತ್ತಿರಕ್ಕೆ ತರಿಸಿದೆ. ಮೊದಲ ಗುಂಡು ಕಾಗದದ ಅಂಚಿನಲ್ಲಿತ್ತು. ಉಳಿದವು ಕೆಳಗೆ, ಎಡಕ್ಕೆ, ತಮ್ಮ ಹಳೇ ವಿಳಾಸದಲ್ಲಿ. ದೇಶ ಬದಲಾಗಿತ್ತು, ಕಂಪನಿ ಬದಲಾಗಿತ್ತು, ಪ್ಲಾಸ್ಟಿಕ್ ಹೋಗಿ ಉಕ್ಕು ಬಂದಿತ್ತು. ಗಾಜಿನ ಆಚೆಯಿಂದ ಅಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ಕಡೆ ಬೆರಳು ಮಾಡಿ, ಮತ್ತೆ ಕಣ್ಣು ಮುಚ್ಚಿ ತೋರಿಸುತ್ತಿದ್ದರು. ಅಲ್ಲಿನ ರೇಂಜ್ ಆಫೀಸರ್ ಅದನ್ನು ನೋಡಿ, ಭಾಷೆ ಬಾರದಿದ್ದರೂ, ಅಪ್ಪನಿಗೆ ಹೆಬ್ಬೆರಳು ಎತ್ತಿದ.

“ಕೊಡಿ ಇಲ್ಲಿ, ನೋಡೋಣ,” ಎಂದಳು ಹೆಂಡತಿ.

ಸಿಜೆಡ್ ಅವಳಿಗೆ ಹಿಡಿಸಲಿಲ್ಲ. ಅದರ ಸ್ಲೈಡು ಚೌಕಟ್ಟಿನ ಒಳಗೆ ಓಡುತ್ತದೆ, ಹಿಡಿದು ಎಳೆಯಲು ಹೊರಗೆ ಜಾಗ ಕಡಿಮೆ. ಪಕ್ಕದಲ್ಲಿದ್ದ ಗ್ಲಾಕ್ ಎತ್ತಿಕೊಂಡಳು, ಗೋಡೆಯ ಮೇಲಿನ ಚಿತ್ರವನ್ನು ಪೂರ್ತಿ ಓದಿದಳು, ನಿಂತಳು. ತೂತುಗಳೆಲ್ಲ ನಡುವೃತ್ತದಲ್ಲಿ. ಮುಚ್ಚಲು ಒಂದು ಹೋಳಿಗೆ ಸಾಕಾಗುತ್ತಿತ್ತು, ಅದೂ ಸಣ್ಣದು.

ಆಮೇಲಿನದು ಬೇಗ ಮುಗಿಯಿತು. ಗ್ಲಾಕನ್ನು ಮಾರಲು ಒಯ್ದಾಗ ಅಂಗಡಿಯವನು ಕೊಂಡ ಬೆಲೆಯ ಅರ್ಧ ಹೇಳಿದ. ಕೊಡುವುದಿಲ್ಲ, ಅದು ನನ್ನದು ಎಂದು ಹೆಂಡತಿ ಫೋನಿನಲ್ಲೇ ಹೇಳಿದಳು. ಟೆಕ್ಸಾಸಿನಲ್ಲಿ ಈಗ ಕಡ್ಡಾಯವಲ್ಲದಿದ್ದರೂ ಬೇರೆ ರಾಜ್ಯಗಳಿಗೆ ಹೋದಾಗ ನೆರವಾಗುವ ಪರವಾನಗಿ ಒಂದಿದೆ. ಅದರ ಪರೀಕ್ಷೆಯಲ್ಲಿ ಮೂರು, ಏಳು, ಹದಿನೈದು ಗಜಗಳಿಂದ ಒಟ್ಟು 50 ಗುಂಡು ಹಾರಿಸಬೇಕು. 250 ಅಂಕಕ್ಕೆ 175 ಬಂದರೆ ಪಾಸು. ಇಬ್ಬರೂ ಬರೆದೆವು. ನನ್ನ ಅಂಕ ಪಾಸಾಗಲು ಸಾಕಷ್ಟಿತ್ತು, ಊರಲ್ಲಿ ಹೇಳಿಕೊಳ್ಳುವಷ್ಟಿರಲಿಲ್ಲ. ಅವಳದ್ದನ್ನು ಅಪ್ಪ ಸಕಲೇಶಪುರಕ್ಕೆ ಫೋನ್ ಮಾಡಿ ಎಲ್ಲರಿಗೂ ಹೇಳಿದರು. ಪೆಟ್ಟಿಗೆಯಲ್ಲಿ ಈಗ ಎರಡೂ ಪಿಸ್ತೂಲು ಒಂದರ ಪಕ್ಕ ಒಂದು ಮಲಗಿವೆ, ಬೀಗದ ಸಂಕೇತ ಮತ್ತೊಮ್ಮೆ ಬದಲಾಗಿದೆ.

ನನ್ನ ಹಳೇ ಹೋಲ್‌ಸ್ಟರ್ ಅವಳ ಸೊಂಟಕ್ಕೆ ದೊಡ್ಡದಾಯಿತೆಂದು ಅವಳು ಹೊಸದು ತರಿಸಿಕೊಂಡಳು. ಹಾಗಾಗಿ ಗ್ಲಾಕ್ 19ಕ್ಕೆ ಹೊಂದುವ, ಬಲಗೈಯವರ, ಕಪ್ಪು ಬಣ್ಣದ ಹೋಲ್‌ಸ್ಟರೊಂದು ನಮ್ಮಲ್ಲಿದೆ, ಹೆಚ್ಚು ಬಳಸಿಲ್ಲ. ಡಲ್ಲಾಸ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಯಾರಿಗಾದರೂ ಬೇಕಿದ್ದರೆ ದಯವಿಟ್ಟು ಬಂದು ಒಯ್ಯಿರಿ, ದುಡ್ಡು ಬೇಡ. ಬರುವಾಗ ಗೋಡೆ ಕೊರೆಯುವ ಡ್ರಿಲ್ಲು ತಂದರೆ ಉಪಕಾರವಾಗುತ್ತದೆ.