15 ನಿಮಿಷದ ಶೆಟ್ಲಿ ಅಡುಗೆ

ಸಿಂಗಪುರದಲ್ಲಿ ನೆಲೆಸಿದ ಕರಾವಳಿಯ ಕನ್ನಡ ಕುಟುಂಬಗಳಲ್ಲಿ, ಅದರಲ್ಲೂ ಅಂಕೋಲೆಯ ಪಕ್ಕದ ಕೇಣಿಯಂಥ ಮೀನುಗಾರರ ಊರಿನಿಂದ ಹೋದವರಲ್ಲಿ, ಬೇಗನೆ ಆಗುವ ಆರೋಗ್ಯಕರ ರಾತ್ರಿಯೂಟವೆಂಬ ಪರಿಕಲ್ಪನೆಯು ಸಿದ್ಧಾಂತದಲ್ಲಿ ಪ್ರಬಲವಾಗಿಯೂ ಆಚರಣೆಯಲ್ಲಿ ದುರ್ಬಲವಾಗಿಯೂ ಕಂಡುಬರುತ್ತದೆ. ಸಿದ್ಧಾಂತಕ್ಕೆ ಆಧಾರವೇನೋ ಗಟ್ಟಿಯಾಗಿಯೇ ಇದೆ. ಕೇಣಿಯವರು ಶೆಟ್ಲಿ ಎನ್ನುವ ಸಿಗಡಿ ಕಾದ ಬಾಣಲೆಯಲ್ಲಿ 3-4 ನಿಮಿಷಕ್ಕೆ ಬೇಯುತ್ತದೆ. 100 ಗ್ರಾಂ ಹಸಿ ಸಿಗಡಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದ್ದು ಕೊಬ್ಬು ತೀರ ಕಡಿಮೆ. ಮೇಲಾಗಿ ಮಜ್ಜಿಗೆ ಹುಲ್ಲು, ಶುಂಠಿಯ ಕುಟುಂಬದ ಗ್ಯಾಲಂಗಲ್ ಗಡ್ಡೆ, ನಿಂಬೆ ಜಾತಿಯ ಎಲೆ, ಮೆಣಸು ಹಾಕಿ ಕುದಿಸುವ ತಾಯ್ ಜನರ ಹುಳಿಖಾರದ ಸಿಗಡಿ ಸಾರು, ಅಂದರೆ ತೊಮ್ ಯಮ್ ಕುಂಗ್, 2024ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ, ಅದನ್ನು ಮಾಡುವ ಸೊಸೆಗೆ ಅತ್ತೆಯ ಎದುರು ಅಂತಾರಾಷ್ಟ್ರೀಯ ಬೆಂಬಲವೂ ದೊರೆತಂತಾಗಿದೆ.

ತೊಡಕಿರುವುದು ಗಡಿಯಾರದಲ್ಲಿ. ಸಿಂಗಪುರದ ವೇಳೆ ಭಾರತಕ್ಕಿಂತ ಎರಡೂವರೆ ತಾಸು ಮುಂದಿರುವುದರಿಂದ, ಅಲ್ಲಿ ಸಂಜೆ 7.30ಕ್ಕೆ ಬಾಣಲೆ ಒಲೆಗೇರುವಾಗ ಕೇಣಿಯಲ್ಲಿ 5 ಗಂಟೆ. ಚಹಾ ಮುಗಿಸಿದ ಅತ್ತೆಯವರು ವಿಡಿಯೊ ಕರೆಗೆ ಸಂಪೂರ್ಣ ಬಿಡುವಾಗಿರುವ ಹೊತ್ತು. ಅವರ ಮೊದಲ ಪ್ರಶ್ನೆ ತಲೆಗೆ ಸಂಬಂಧಿಸಿದ್ದು. ಸೂಪರ್‌ಮಾರ್ಕೆಟ್ಟಿನ ಸುಲಿದ ಸಿಗಡಿಗೆ ತಲೆಯಿಲ್ಲ, ಮೈಮೇಲೆ ಸಿಪ್ಪೆಯಿಲ್ಲ, ಬಾಲದ ತುದಿ ಮಾತ್ರ ಶೋಭೆಗೆಂದು ಉಳಿದಿರುತ್ತದೆ; ಕೇಣಿಯ ಶಾಸ್ತ್ರದಲ್ಲಾದರೋ ಸಾರಿನ ರುಚಿಯೆಲ್ಲ ತಲೆಯೊಳಗಿನ ಕೇಸರಿ ಬಣ್ಣದ ಜಿಡ್ಡಿನಲ್ಲಿರುವುದರಿಂದ, ದುಡ್ಡು ಕೊಟ್ಟು ತಲೆಯಿಲ್ಲದ್ದನ್ನು ತರುವುದು ತಂದವರ ತಲೆಯ ಬಗ್ಗೆಯೇ ಸಂಶಯ ಹುಟ್ಟಿಸುತ್ತದೆ. ತಂದವನು ಸ್ವಂತ ಮಗನೇ ಆದರೂ ಸಂಶಯವು ಸೊಸೆಯ ಕಡೆಗೇ ಹರಿಯುವುದು ಈ ಕ್ಷೇತ್ರದ ನಿಯಮ. ತಾಯ್ ಅಡುಗೆಯವರೂ ತಲೆಯ ಜಿಡ್ಡನ್ನು ಸಾರಿಗೆ ಬಿಡುತ್ತಾರೆಂಬುದು ಅತ್ತೆಗೆ ಇನ್ನೂ ತಿಳಿಯದಿರುವುದು ಸೊಸೆಯ ಪುಣ್ಯ.

ಹೀಗಾಗಿ ಸಿಂಗಪುರದ ಟೆಕ್ಕಾ ಮಾರುಕಟ್ಟೆಯಿಂದ ತಲೆಸಹಿತ ಸಿಗಡಿ ಬರುತ್ತದೆ. ಅದರ ಸಿಪ್ಪೆ ಬಿಡಿಸಿ, ಬೆನ್ನು ಸೀಳಿ, ಕಪ್ಪು ದಾರದಂಥ ಕರುಳನ್ನು ಚಾಕುವಿನ ಮೊನೆಯಿಂದ ಎತ್ತಿ, ಮೀಸೆ ಕತ್ತರಿಸುವಷ್ಟರಲ್ಲಿ, 15 ನಿಮಿಷದ ಅಡುಗೆಯೆಂದು ಬರೆದವರು ಈ ಕೆಲಸಕ್ಕೆ ಆಳಿಟ್ಟಿದ್ದರೆಂಬುದು ಸ್ಪಷ್ಟವಾಗುತ್ತದೆ. ಉಪ್ಪಿನಲ್ಲಿ ಸಣ್ಣ ಮೀನುಗಳನ್ನು ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ, ಅಂದರೆ ಫಿಶ್ ಸಾಸ್, ಬಾಣಲೆಗೆ ಬಿದ್ದಾಗ ಕಡಲದಂಡೆಯಲ್ಲಿ ಒಣಮೀನಿನ ನಡುವೆಯೇ ಬೆಳೆದ ಪತಿ ಮೂಗು ಮುಚ್ಚಿಕೊಳ್ಳುವುದಕ್ಕೆ ಮಾತ್ರ ವಿದ್ವತ್ಪೂರ್ಣ ವಿವರಣೆ ಸಿಗುವುದಿಲ್ಲ. ಆರೋಗ್ಯದ ಸಲುವಾಗಿ ತೆಂಗಿನ ಹಾಲನ್ನು ಕಾಲು ಕಪ್ಪಿಗೆ ಇಳಿಸಿದರೂ, ಆತ ಅನ್ನವನ್ನು ಮೂರು ಸಲ ಬಡಿಸಿಕೊಂಡು ಉಳಿತಾಯವನ್ನು ಸರಿದೂಗಿಸುತ್ತಾನೆ.

ಹುಳಿಗೆ ಬಿಂಬುಳಿ ಹಾಕಬೇಕಿತ್ತೆಂಬುದು ಅತ್ತೆಯ ಕೊನೆಯ ಆಕ್ಷೇಪ. ಆ ಕಾಯಿಯ ಮೂಲ ಆಗ್ನೇಯ ಏಷ್ಯಾವೇ ಆಗಿದ್ದು, ಮಲಯ ಅಡುಗೆಯಲ್ಲಿ ಇಂದಿಗೂ ಬಳಕೆಯಲ್ಲಿರುವುದರಿಂದ, ಪರದೇಶದ ರುಚಿ ಬೇಡವೆನ್ನುವವರೇ ಅದನ್ನು ಕೇಳುತ್ತಿರುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ 61 ದಿನ, ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಕೇಣಿಯಲ್ಲಿ ಒಣ ಶೆಟ್ಲಿಯ ಚಟ್ನಿಯಲ್ಲಿ ಊಟ ಮುಗಿಸಿದವರಿಗೆ ಅಂಗೈಯುದ್ದದ ಹುಲಿ ಸಿಗಡಿಯನ್ನು ಪರದೆಯ ಮೇಲೆ ತೋರಿಸುವುದು ಅವಿವೇಕವೆಂದು ಅರಿತ ಅನುಭವಸ್ಥ ಸೊಸೆಯರು, ಫೋನನ್ನು ಗೋಡೆಯ ಕಡೆ ತಿರುಗಿಸಿಟ್ಟು, ಊಟಕ್ಕೇನೆಂದು ಕೇಳಿದರೆ ಗಂಜಿಯೆನ್ನುತ್ತಾರೆ. ಬಾಣಲೆಯ ಚುಂಯ್ ಸದ್ದು ಅತ್ತೆಯ ಕಿವಿಗೆ ಬಿದ್ದರೆ, ಇಲ್ಲಿಯೂ ಮಳೆ ಹಿಡಿದಿದೆಯೆನ್ನುತ್ತಾರೆ.